ಕಾಲಿನ ನಕ್ಷೆ ಯಾವ ಕೋಣೆಯಲ್ಲಿರಬೇಕು?

ಕಂಪ್ಯೂಟರ್ ವಿಭಾಗದ ಮುಖ್ಯಾಧಿಕಾರಿಗಳೇ,

ತಮ್ಮ ಕೇಂದ್ರದಲ್ಲಿ ಕುಶಲಕರ್ಮಿಗಳಾದ ನಮಗೆಂದು ಇಟ್ಟ ಕಂಪ್ಯೂಟರನ್ನು ಕಳೆದ ವಾರ ತಾವು 'ಶುದ್ಧೀಕರಿಸಿದಿರಿ'. ಅದರ ಜೊತೆಗೆ ನನ್ನ ಗಿರಾಕಿಗಳ ಕಾಲಿನ ನಕ್ಷೆಗಳೆಲ್ಲ ಅಳಿಸಿಹೋದವು. ನಾನು ಚಪ್ಪಲಿ, ಬೂಟು ಹೊಲಿಯುವವನು. ಅದರಲ್ಲೂ ಅಂಗಡಿಯ ಯಾವ ಅಳತೆಗೂ ಒಗ್ಗದ ಕಾಲುಗಳಿಗೆ.

ಕೇಂದ್ರದ ಬಾಗಿಲಿಗೆ ಅಂಟಿಸಿದ್ದ ತಮ್ಮ ಪ್ರಕಟಣೆ ನನಗೆ ಬಾಯಿಪಾಠವಾಗಿದೆ: 'ಬಳಕೆದಾರರ ಕಡತಗಳು ಸುರಕ್ಷಿತ. ಅಪ್ಲಿಕೇಶನ್‌ಗಳನ್ನು ಮಾತ್ರ ಅಳಿಸಿ ಮತ್ತೆ ಹಾಕಲಾಗುವುದು.' ಓದಿ ನೆಮ್ಮದಿಯಿಂದ ಮನೆಗೆ ಹೋದೆ. ನಾನು ಬಳಕೆದಾರ ತಾನೇ? ಅಲ್ಲವಂತೆ. ಕಂಪ್ಯೂಟರಿನೊಳಗೆ ಅಪ್ಲಿಕೇಶನ್‌ಗಳಿಗೊಂದು ಕೋಣೆ, ನಮ್ಮ ಕಡತಗಳಿಗೊಂದು ಕೋಣೆ ಇದೆಯಂತೆ. ನಾನು ನಕ್ಷೆಗಳನ್ನು ಅಪ್ಲಿಕೇಶನ್ನಿನ ಕೋಣೆಯಲ್ಲಿಟ್ಟಿದ್ದೆನಂತೆ. ಇಟ್ಟದ್ದು ನಿಜ, ಬೇಕೆಂದೇ ಇಟ್ಟೆ. ನಮ್ಮ ಕಸುಬಿನಲ್ಲಿ ಅರ್ಧ ಹೊಲಿದ ಜೋಡನ್ನು ಅದರ ಸೂಜಿ, ದಾರ, ಅಚ್ಚಿನ ಜೊತೆಗೇ ಇಡುತ್ತೇವೆ. ಬೇರೆ ಕಡೆ ಇಟ್ಟರೆ ಅಪ್ಪ ಬೈಯುತ್ತಿದ್ದ. ನಕ್ಷೆ ಬರೆಯುವ ಅಪ್ಲಿಕೇಶನ್ ಇದ್ದಲ್ಲೇ ನಕ್ಷೆಯನ್ನೂ ಇಟ್ಟೆ. ಯಂತ್ರ 'ಅನುಮತಿ ಇದೆಯೇ?' ಎಂದು ಕೇಳಿತು, 'ಹೌದು' ಒತ್ತಿದೆ. ಇಲ್ಲಿಟ್ಟರೆ ಒಂದು ದಿನ ಗುಡಿಸಿಹಾಕುತ್ತಾರೆ ಎಂದು ಅದು ಆಗಲೇ ಹೇಳಬಾರದಿತ್ತೇ?

ತಮ್ಮ ತಂತ್ರಜ್ಞರನ್ನು ವಿಚಾರಿಸಿದೆ. "ಅಲ್ಲಿ ಯಾರಾದ್ರೂ ಫೈಲ್ ಇಡ್ತಾರೇನ್ರೀ?" ಎಂದರು.

"ನಾನು ಇಟ್ಟಿದ್ದೆನಲ್ಲ ಸ್ವಾಮಿ. ಒಂದ್ಸಲ ನೋಡಿ ಅಳಿಸಬಹುದಿತ್ತು."

"ನೋಡ್ಕೊಂಡು ಕೂರೋಕೆ ಆಗಲ್ಲ. ಆರ್ಡರ್ ಹಾಗಿದೆ."

ಆ ಆದೇಶಕ್ಕೆ ಸಹಿ ತಮ್ಮದು. ಮನೆ ಗುಡಿಸುವವರು ಕೂಡ ಕಸ ಎಸೆಯುವ ಮುಂಚೆ ಮೊರದೊಳಗೆ ಒಮ್ಮೆ ಕಣ್ಣಾಡಿಸುತ್ತಾರೆ.

ನನ್ನ ತಂಗಿ ಬಸ್ ಕಂಡಕ್ಟರ್. ಅವಳ ಎಡಗಾಲು ಹುಟ್ಟಿನಿಂದಲೇ ಒಳಕ್ಕೆ ತಿರುಗಿದೆ. ಎಷ್ಟೋ ಜೋಡು ಕೆಡಿಸಿ, ಗುಳ್ಳೆ ಎದ್ದಲ್ಲೆಲ್ಲ ತಿದ್ದಿ ತಿದ್ದಿ ಅವಳ ನಕ್ಷೆ ಮಾಡಿದ್ದೆ. ಈಗ ಹೊಸದಾಗಿ ಅಳತೆ ತೆಗೆದು ಹೊಲಿದುಕೊಟ್ಟದ್ದು ಒಂದೇ ದಿನಕ್ಕೆ ಹಿಮ್ಮಡಿಯನ್ನು ಹುಣ್ಣು ಮಾಡಿತು. ರಜೆ ಹಾಕಿ ಮನೆಯಲ್ಲಿದ್ದಾಳೆ. ರಜೆ ಮುಗಿದರೆ ಕೆಲಸಕ್ಕೇ ಕುತ್ತು. "ಹಳೇದನ್ನೇ ಹೊಲಿದು ಕೊಡಣ್ಣ, ಹೇಗೋ ನಿಂತ್ಕೋತೀನಿ" ಅನ್ನುತ್ತಾಳೆ. ಹಳೆಯದರಲ್ಲಿ ಸೂಜಿ ಹಾಕಲು ಚರ್ಮವೇ ಉಳಿದಿಲ್ಲ.

ಶುದ್ಧೀಕರಣಕ್ಕೆ ಮುಂಚೆ ತೆಗೆದ, ಇಡೀ ಕಂಪ್ಯೂಟರಿನ ನಕಲೊಂದು ತಮ್ಮ ಕಪಾಟಿನಲ್ಲಿದೆಯಂತೆ. ತಿಂಗಳು ಮುಗಿದರೆ ಅದನ್ನೂ ಅಳಿಸುತ್ತಾರಂತೆ. ತಮ್ಮ ಸಹಿ ಇಲ್ಲದೆ ಅದನ್ನು ತೆರೆಯುವಂತಿಲ್ಲವಂತೆ. ಅಳಿಸಲು ಹಾಕಿದ ಸಹಿಯನ್ನೇ ಇದಕ್ಕೂ ಹಾಕಿ, ಸಾಕು. ನಾಳೆ ತಂಗಿಯನ್ನು ಕರೆದುಕೊಂಡು ತಮ್ಮ ಕಚೇರಿಗೆ ಬರುತ್ತೇನೆ. ಸಹಿ ಆಗುವವರೆಗೆ ಕಾಯುತ್ತೇವೆ. ನಾನು ನಿಂತಿರಬಲ್ಲೆ. ಅವಳಿಗೊಂದು ಕುರ್ಚಿ ಹಾಕಿಸಿ.

ಇಂತಿ,
ತಾನೂ ಬಳಕೆದಾರನೆಂದು ನಂಬಿದ್ದ
ಚಪ್ಪಲಿ ಹೊಲಿಯುವವನು