ಬಾಗಿಲ ಬಳಿಯ ಸೂಟ್‌ಕೇಸ್

ವ್ಲೋರಾ, ಫೆಬ್ರವರಿ ೩೦, ೨೧೬೧

ಮುತ್ತಜ್ಜಿ ವಿನೂತಾಳಿಗೆ,

ನಿನ್ನ ಮರಿಮೊಮ್ಮಗ ಗವಿಸಿದ್ಧ ನಿನ್ನೆ ಸಂಜೆ ಸಮುದ್ರ ನೋಡುತ್ತ ಕೂತಿದ್ದವನು ಹಾಗೆಯೇ ಹೋಗಿಬಿಟ್ಟ. ಬಹಳ ನರಳಲಿಲ್ಲ. ಈ ಸುದ್ದಿ ತಿಳಿಸಲು ಬೇರೆ ಯಾರೂ ಇಲ್ಲದ್ದರಿಂದ ಅವನೇ ತಿಳಿಸುತ್ತಿದ್ದಾನೆ.

ಸುಳ್ಳು. ಬದುಕಿದ್ದೇನೆ. ಈ ಊರಿನಲ್ಲಿ ಯಾರಾದರೂ ಸತ್ತರೆ ಅವರ ಫೋಟೊ ಹಾಕಿದ ಚೀಟಿಯನ್ನು ದೀಪದ ಕಂಬಕ್ಕೆ ಅಂಟಿಸುತ್ತಾರೆ. ನಾನು ಪ್ರತಿ ಹುಟ್ಟುಹಬ್ಬಕ್ಕೆ ನನ್ನದೇ ಚೀಟಿ ಅಂಟಿಸುತ್ತೇನೆ. ಮೇಲಿನ ಮನೆಯ ದ್ರಿತಾ ಅದನ್ನು ಕಿತ್ತುಕೊಂಡು, ಇನ್ನೊಂದು ಕೈಯಲ್ಲಿ ಕಾಫಿ ಹಿಡಿದು ಇಳಿದು ಬರುತ್ತಾಳೆ. "ಏ ಮುದುಕಾ, ಈ ಸರ್ತಿನೂ ಬರೇ ಕಂಬದ ಮ್ಯಾಲಷ್ಟ ಸತ್ತೀ?" ಅವಳು ಈ ಊರಿನವಳೇ. ಕನ್ನಡ ಕಲಿತದ್ದು ನಮ್ಮ ಮನೆಯಲ್ಲಿ, ಬೈಗುಳದಿಂದ ಶುರುಮಾಡಿ.

ನನ್ನ ಮಾತು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ಕೊಪ್ಪಳದ ಕನ್ನಡ ಇಷ್ಟು ವರ್ಷ ಉಪ್ಪುಗಾಳಿಯಲ್ಲಿ ನೇತಾಡಿದರೆ ಹೀಗೇ ಆಗುತ್ತದೆ. ತಾರೀಖಿಗೂ ಕಾರಣವಿದೆ. ನಾವು ತಿಂಗಳುವಾಸಿಗಳು, ಎಂದರೆ ತಿಂಗಳ ಬಾಡಿಗೆಯ ಮೇಲೆ ಬದುಕುವ ಕುಲ. ನಮಗೆ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಈ ಪತ್ರ ಇಷ್ಟು ವರ್ಷ ಹಿಂದಕ್ಕೆ, ನಿನ್ನ ಕಾಲಕ್ಕೆ ಹೇಗೆ ಬರುತ್ತದೆಂದು ಮಾತ್ರ ಕೇಳಬೇಡ, ಅಂಚೆಯವನಿಗೂ ಗೊತ್ತಿಲ್ಲ.

ಇದು ತಲುಪುವಾಗ ನಿನಗೆ ಇಪ್ಪತ್ತೇಳು ವರ್ಷ. ಎಪ್ಪತ್ತಾರರ ಮುದುಕ ನಿನ್ನನ್ನು ಅಜ್ಜಿ ಎಂದರೆ ಸಿಟ್ಟು ಬರಬಹುದು, ಬರಲಿ. ಲ್ಯಾಪ್‌ಟಾಪ್ ಒಂದಿದ್ದರೆ ಎಲ್ಲಿ ಕೂತರೂ ಕೆಲಸ ನಡೆಯುತ್ತದೆ, ಇಲ್ಲಿ ಸಮುದ್ರವೂ ಸಿಗುತ್ತದೆ, ಬಾಡಿಗೆಯೂ ಅಗ್ಗ ಎಂದು ನೀನು ಇಲ್ಲಿಗೆ ಹೊರಟಿದ್ದೀಯೆ. ಮುಂದಿನದು ನಿನಗೆ ಇನ್ನೂ ಆಗಬೇಕು, ನನಗೆ ಆಗಿಹೋಗಿದೆ. ದ್ರಿತಾಳ ಮುತ್ತಜ್ಜಿಯೇ ನಿನಗೆ ಕೋಣೆ ಕೊಟ್ಟವಳು. ನೀನು ಸೂಟ್‌ಕೇಸ್ ಬಿಚ್ಚದೆ ಬಾಗಿಲ ಬಳಿಯೇ ಇಟ್ಟೆ. "ಇನ್ನೊಂದ್ ತಿಂಗ್ಳಾ ನೋಡೂಣು" ಅಂದೆ. ತೊಂಬತ್ತೆರಡಕ್ಕೆ ಸಾಯುವ ತನಕ ಅದನ್ನೇ ಅಂದೆ. ಆಗ ನನಗೆ ಆರು ವರ್ಷ, ಆ ದನಿ ಇನ್ನೂ ಕಿವಿಯಲ್ಲಿದೆ.

ನಿಮ್ಮ ಕಾಲದಲ್ಲಿ ವೀಸಾ ಮುಗಿದವರು ಗಡಿ ದಾಟಿ ಹೋಗಿ ಮತ್ತೆ ಬರುತ್ತಿದ್ದರಂತೆ. ನಮ್ಮಲ್ಲಿ ಅದೊಂದು ವ್ರತವೇ ಆಗಿದೆ. ಮೂರು ತಿಂಗಳಿಗೊಮ್ಮೆ ತಿಂಗಳುವಾಸಿಗಳೆಲ್ಲ ಸೂಟ್‌ಕೇಸ್ ಸಮೇತ ದೋಣಿ ಹತ್ತಿ, ಗಡಿಯ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಕೆಂಪು ತೇಲುಬುರುಡೆಯನ್ನು ಸುತ್ತಿ ವಾಪಸು ಬರುತ್ತೇವೆ. ಇದಕ್ಕೆ ಗಡಿಸ್ನಾನ ಎನ್ನುತ್ತೇವೆ. ಹೆಂಗಸರು ಚಪಾತಿ, ಕೆಂಪು ಖಾರ ಕಟ್ಟಿಕೊಳ್ಳುತ್ತಾರೆ, ಮಕ್ಕಳು ವಾಂತಿ ಮಾಡಿಕೊಳ್ಳುತ್ತವೆ. ಸತ್ತವರೂ ಬರುತ್ತಾರೆ. ನಮ್ಮಲ್ಲಿ ಯಾರನ್ನೂ ಇಲ್ಲಿ ಮಣ್ಣು ಮಾಡುವುದಿಲ್ಲ. ಹೇಗೂ ಮುಂದಿನ ಊರಿಗೆ ಹೋಗುವವರಲ್ಲವೇ, ಅದಕ್ಕೆ ಸುಟ್ಟು ಬೂದಿಯನ್ನು ಡಬ್ಬಿಯಲ್ಲಿ ಹಾಕಿ ಅವರವರ ಸೂಟ್‌ಕೇಸಿನಲ್ಲೇ ಇಡುತ್ತೇವೆ. ನೀನು ಸತ್ತ ಮೇಲೂ ಎಪ್ಪತ್ತು ವರ್ಷ ಗಡಿಸ್ನಾನ ಮಾಡಿದ್ದೀಯೆ, ಮುತ್ತಜ್ಜಿ. ಒಮ್ಮೆಯೂ ವಾಂತಿ ಮಾಡಿಕೊಳ್ಳಲಿಲ್ಲ.

ಅಗ್ಗ ಎಂದು ನೀವೆಲ್ಲ ಬಂದಿರಿ. ಬಂದವರು ಹೆಚ್ಚಾದಂತೆ ಊರು ತುಟ್ಟಿಯಾಯಿತು, ಊರಿನವರೇ ಬಾಡಿಗೆ ಕಟ್ಟಲಾಗದೆ ಗುಡ್ಡದಾಚೆ ಹೋದರು. ಮೀನು ಮಾರುವವನ ಅಂಗಡಿಯಲ್ಲಿ ನಾಲ್ಕು ಜನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಆಮೇಲೆ ಸಮುದ್ರವೂ ಬಾಡಿಗೆ ಕೊಡದೆ ಒಳಗೆ ಬಂತು. ನೆಲಮಹಡಿಗಳಲ್ಲಿ ಈಗ ಏಡಿಗಳಿವೆ. ಈಗ ಊರು ಮತ್ತೆ ಅಗ್ಗವಾಗಿದೆ, ಕೇಳುವವರಿಲ್ಲ. ನಮ್ಮ ಕಟ್ಟಡದಲ್ಲಿ ಉಳಿದದ್ದು ದ್ರಿತಾ, ನಾನು, ನೀರೆತ್ತುವ ಒಂದು ಪಂಪು. ಅದರ ಹಿಡಿಕೆಯನ್ನು ಇಬ್ಬರು ಸೇರಿ ತಿರುಗಿಸಿದರೆ ಮಾತ್ರ ನೀರು ಮೆಟ್ಟಿಲ ಬುಡದಲ್ಲೇ ನಿಲ್ಲುತ್ತದೆ.

ಕಳೆದ ತಿಂಗಳು ಊರಿನ ಪಂಚರು ಹೊಸ ಕಟ್ಟಳೆ ಮಾಡಿದರು. ಇದೇ ಕೊನೆಯ ಗಡಿಸ್ನಾನ. ಹೋದ ದೋಣಿ ತಿರುಗಿ ಬರುವುದಿಲ್ಲ, ಯಾವುದೋ ಅಗ್ಗದ ಹೊಸ ಊರಿಗೆ ಹೋಗುತ್ತದೆ. ಇಲ್ಲಿ ಉಳಿಯಬೇಕಾದರೆ ನೆಲಸಾಕ್ಷಿ ಬೇಕು, ಎಂದರೆ ಮನೆಯವರೊಬ್ಬರು ಇಲ್ಲಿಯ ಮಣ್ಣಿನೊಳಗೆ ಇರಬೇಕು. ನಮ್ಮವರಿಗೆ ಅದು ದೊಡ್ಡ ಮಾತೆನಿಸಲಿಲ್ಲ. ಸೂಟ್‌ಕೇಸ್‌ಗಳು ತಯಾರಾಗಿಯೇ ಇದ್ದವು.

ದ್ರಿತಾ ಇರು ಎಂದು ಕೇಳಿಕೊಳ್ಳಲಿಲ್ಲ. "ಹೋಗ್ರಿ, ಹೋಗ್ರಿ. ನಿಮ್ಮಜ್ಜಿ ನಾಳೆ ಹೋಗ್ತೀನಿ ಅಂತ ನಮ್ಮಜ್ಜಿಗೆ ಹೇಳಿ ನೂರಾ ಮೂವತ್ತೈದ್ ವರ್ಷಾತು," ಅಂದಳು, ಅಷ್ಟೆ. ಆಮೇಲೆ ಒಬ್ಬಳೇ ಪಂಪಿನ ಹಿಡಿಕೆ ಹಿಡಿದು ನೋಡಿದಳು. ಅದು ಅಲುಗಲಿಲ್ಲ. ನನಗೆ ಕಂಡಿತೆಂದು ಗೊತ್ತಾಗಿ, ಸೊಂಟ ಉಜ್ಜಿಕೊಳ್ಳುವವಳಂತೆ ನಟಿಸಿದಳು.

ಬರಬೇಡ ಎಂದು ನಿನಗೆ ಹೇಳಲಾರೆ, ಬರದಿದ್ದರೆ ನಾನೇ ಇರುವುದಿಲ್ಲ. ಒಂದೇ ಕೇಳಿಕೆ. ಮೊದಲ ವಾರವೇ ಸೂಟ್‌ಕೇಸ್ ಬಿಚ್ಚಿ ಮಂಚದ ಕೆಳಗೆ ತಳ್ಳು. ಕೋಣೆ ಕೊಟ್ಟ ಮುದುಕಿಯ ಹೆಸರು ಕೇಳು. ಹೇಳದಿದ್ದರೆ ಮತ್ತೆ ಕೇಳು.

ದೋಣಿ ಇವತ್ತು ಬೆಳಿಗ್ಗೆ ಹೋಯಿತು, ನಾನು ದಂಡೆಯಲ್ಲೇ ನಿಂತೆ. ನನ್ನ ತಮ್ಮನ ಮೊಮ್ಮಕ್ಕಳು ಕೈಬೀಸಿದರು, ಇದೂ ಅಜ್ಜನ ತಮಾಷೆ, ಕೊನೆಯ ಗಳಿಗೆಯಲ್ಲಿ ಹಾರಿ ಹತ್ತುತ್ತಾನೆ ಎಂದು ನಗುತ್ತಲೇ ಇದ್ದರು. ತೇಲುಬುರುಡೆ ದಾಟಿದ ಮೇಲೆ ಅವರ ಮುಖ ನನಗೆ ಕಾಣಲಿಲ್ಲ.

ಇಷ್ಟು ವರ್ಷ ಮಾಡಿದ್ದೆಲ್ಲ ಚೇಷ್ಟೆ, ಒಂದನ್ನು ಮಾತ್ರ ನಿಜವಾಗಿ ಮಾಡಿದ್ದೇನೆ. ಕಳೆದ ಭಾನುವಾರ ನಿನ್ನ ಸೂಟ್‌ಕೇಸ್ ತೆರೆದು, ಡಬ್ಬಿಯಲ್ಲಿದ್ದ ನಿನ್ನನ್ನು ಹೊರಗೆ ತೆಗೆದೆ. ದ್ರಿತಾ "ಇದೂ ಚಾಷ್ಟೀನೇನ?" ಎಂದಳು. ನನಗೆ ನಗು ಬರಲಿಲ್ಲ. ಅವಳೇ ಗುದ್ದಲಿ ತಂದಳು. ಗುಡ್ಡದ ಮೇಲೆ ಅವಳ ಮುತ್ತಜ್ಜಿಯ ಪಕ್ಕದಲ್ಲೇ ನಿನ್ನನ್ನು ಮಣ್ಣಿಗಿಟ್ಟೆವು. ನಿನ್ನನ್ನು ಕೇಳದೆಯೇ ನಿನ್ನ ಪ್ರಯಾಣ ಮುಗಿಸಿದೆ.

ಕಂಬದ ಮೇಲೆ ಈಗ ನಿನ್ನ ಫೋಟೊ ಇದೆ. ಹೆಸರಿನ ಕೆಳಗೆ ‘ಈ ಊರಿನವಳು’ ಎಂದು ಬರೆದಿದ್ದೇನೆ. ದ್ರಿತಾ ಬಂದು ಅದರ ಸಡಿಲಾದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಕೀಳಲಿಲ್ಲ.

ನಿನ್ನ ಮರಿಮೊಮ್ಮಗ,
ಗವಿಸಿದ್ಧ