ಬೊಂಬೆಗೆ ಉಡಿಸಿದ್ದ ಲಂಗ

ಹುಲಿಕುಂಟೆಯಿಂದ

ತಂಗಿ ಗಂಗಲಕ್ಷ್ಮಿಗೆ,

ಮೂರನೇ ಕ್ಲಾಸಿಗೇ ಸ್ಲೇಟು ಎಸೆದು ಕುರಿ ಹಿಂದೆ ಹೋದವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ. ಅಣ್ಣ ಎರಡು ಮಾತು ಜೋರಾಗಿ ಆಡಿದ ಅಂತ ಫೋನು ಕಟ್ ಮಾಡಿದೆ, ಆಮೇಲೆ ಎತ್ತಲೇ ಇಲ್ಲ. ಪಾವಗಡಕ್ಕೆ ಬಂದು ನಿನ್ನ ಬಾಗಿಲಲ್ಲಿ ನಿಲ್ಲೋಣವೆಂದರೆ ಈ ಮಂಡಿ ಬಸ್ಸು ಹತ್ತಲು ಬಿಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಪಿಂಗಾಣಿ ಬೊಂಬೆಯ ಸೊಂಟಕ್ಕೆ ಸುತ್ತಿದ್ದ ಬಟ್ಟೆ ಎಲ್ಲಿ?

ಅಮ್ಮನ ತಿಥಿ ಮುಗಿದ ದಿನ ನೀನು, "ಅಣ್ಣ, ನಂಗೆ ಬೇರೇನೂ ಬ್ಯಾಡ, ಈ ಕುಣಿಯೋ ಬೊಂಬೆ ಕೊಡು" ಎಂದೆ. ನಾನು ಕೊಟ್ಟೆ. ಕೊಟ್ಟದ್ದನ್ನು ವಾಪಸ್ ಕೇಳುವವನಲ್ಲ. ಆದರೆ ಮೊನ್ನೆ ನಿನ್ನ ಮಗಳು ಶೃತಿ ಮೊಬೈಲಿಗೆ ಕಳಿಸಿದ ಫೋಟೋ ನೋಡಿದೆ. ಟಿವಿ ಪಕ್ಕದ ಗಾಜಿನ ಬೀರುವಿನಲ್ಲಿ ಅದು ಒಂದು ಕಾಲೆತ್ತಿಕೊಂಡು ಫಳಫಳ ಅನ್ನುತ್ತಿತ್ತು. ಹಣೆಯಲ್ಲಿ ಅಮ್ಮ ಇಡುತ್ತಿದ್ದ ಕುಂಕುಮವಿಲ್ಲ, ಸೊಂಟದಲ್ಲಿ ಬಟ್ಟೆಯಿಲ್ಲ. ಕೇಳಿದರೆ, "ಒಂದು ಚಿಂದಿ ಸುತ್ಕಂಡಿತ್ತು ಕಣಣ್ಣ, ಬಿಚ್ಚಾಕ್ಬುಟ್ಟೆ. ಈಗ ನೋಡು ಹೆಂಗೆ ಹೊಳೀತೈತೆ" ಎಂದೆಯಲ್ಲ, ಅದಕ್ಕೇ ನಾನು ಕಿರುಚಿದ್ದು.

ಆ ಬೊಂಬೆ ಮೊದಲು ಸಿರಾದ ಖಾದರ್ ಸಾಬರ ಮನೆಯದು. ಅವರ ತಂದೆ ಬೊಂಬಾಯಿಯಿಂದ ತಂದದ್ದಂತೆ. ಅದಕ್ಕೂ ಹಿಂದೆ ಯಾರದೋ. ಅಡಿಯಲ್ಲಿ ನೀಲಿ ಬಣ್ಣದ ಗುರುತೊಂದಿದೆ, ನಮ್ಮಲ್ಲಿ ಯಾರಿಗೂ ಓದಲು ಬರಲಿಲ್ಲ. ಸಾಬರು ಹೈದರಾಬಾದಿಗೆ ಹೊರಟಾಗ ಸಾಮಾನು ಸಾಗಿಸಿದ್ದು ಅಪ್ಪನ ಗಾಡಿ. ಜೊತೆಗೆ ನಮ್ಮ ಹೊನ್ನಕ್ಕನೂ ಹೋಗಿದ್ದಳು. ಬೊಂಬೆಯ ಮೇಲಿಟ್ಟ ಕಣ್ಣು ಕೀಳಲಿಲ್ಲವಂತೆ. ಹುಲ್ಲಿನಲ್ಲಿ ಸುತ್ತಿಟ್ಟಿದ್ದನ್ನು ಸಾಬರ ಬೀಬಿಯೇ ಬಿಚ್ಚಿ, "ಲೇ ಬೇಟಿ, ತೇರಾಚ್ ಹೈ", ತಗೋ ಮಗಳೇ, ನಿಂದೇ ಇದು ಅಂತ ಅವಳ ಮಡಿಲಿಗೆ ಹಾಕಿದರು.

ಹೆಸರಿಗೆ ಹೊನ್ನಕ್ಕ, ನನಗೆ ತಂಗಿಯೇ. ನಿನಗೊಬ್ಬ ಅಕ್ಕ ಇದ್ದಳೆಂದು ಗೊತ್ತು. ನೀನು ಹುಟ್ಟುವ ಮೊದಲೇ ಹೋದಳೆಂದೂ ಗೊತ್ತು. ಅಷ್ಟೇ ಗೊತ್ತು. ಅವಳು ಬೊಂಬೆಯ ಹಾಗೆ ಕಾಲೆತ್ತಿ ತಿರುಗಲು ಹೋಗಿ ರಾಗಿಹುಲ್ಲಿನ ಮೆದೆಗೆ ಬೀಳುತ್ತಿದ್ದಳು. ನಾನು ನಕ್ಕರೆ, "ನಗಬ್ಯಾಡ ಕಣಣ್ಣ, ಇವ್ಳೂ ಬಿದ್ದು ಬಿದ್ದೇ ಕಲ್ತಿರೋದು" ಅನ್ನುತ್ತಿದ್ದಳು. ಆ ಬೇಸಿಗೆಯಲ್ಲೇ ಜ್ವರ ಬಂತು. ಸಿರಾ ಆಸ್ಪತ್ರೆಗೆ ಅಪ್ಪ ಗಾಡಿ ಕಟ್ಟುವಷ್ಟರಲ್ಲಿ ಮುಗಿದಿತ್ತು.

ಅವಳ ಬಟ್ಟೆಬರೆಯನ್ನೆಲ್ಲ ಅವಳ ಜೊತೆಗೇ ಮಣ್ಣಿಗೆ ಹಾಕಿದರು. ಒಗೆಯಲು ಬಿಟ್ಟಿದ್ದ ಲಂಗ ಒಂದು ಉಳಿಯಿತು. ಹಸಿರಿಗೆ ಕೆಂಪಂಚು. ಅಮ್ಮ ಅದರ ಅಂಚು ಹರಿದು ಬೊಂಬೆಗೆ ಉಡಿಸಿದಳು, ಮಿಕ್ಕಿದ್ದನ್ನೂ ಮಣ್ಣಿಗೇ ಹಾಕಿದರು.

"ಪಿಂಗಾಣಿಗೂ ಲಂಗ ಉಡಿಸ್ತೀಯೇನೇ, ತಲೆ ನೆಟ್ಟಗೈತಾ?" ಅಂದ ಅಪ್ಪ.

"ಕಾಲು ಬುಟ್ಕಂಡು ನಿಂತವ್ಳೆ. ನಮ್ಮನೆ ಹೆಣ್ಣು ಹಂಗೆ ನಿಂತ್ರೆ ಊರೋರು ಏನಂದಾರು?" ಅಂದಳು ಅಮ್ಮ. ಅಪ್ಪ ಎದ್ದು ಹೊರಗೆ ಹೋದ.

ಎಳೆಯ ಮಗುವಿಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಹಿರಿಯರ ಹಬ್ಬದಲ್ಲಿ ತಾತ ಮುತ್ತಾತರಿಗೆಲ್ಲ ಎಡೆ ಇಟ್ಟ ಮೇಲೆ ಅಮ್ಮ ಬೊಂಬೆಯ ಮುಂದೆ ಒಂದು ಪುಟ್ಟ ಎಲೆ ಹಾಕಿ ಬೆಲ್ಲ, ಕಡಲೆಕಾಯಿ ಬಡಿಸುತ್ತಿದ್ದಳು. ಯಾರಾದರೂ ಕೇಳಿದರೆ, "ಬೊಂಬೆಗೆ ಇಕ್ಕಿವ್ನಿ, ನಿಂಗೇನು?" ಅನ್ನುವಳು. ನೀನೂ ಹಾಗೇ ತಿಳಿದುಕೊಂಡೆ. ನಾವೂ ಬಿಡಿಸಿ ಹೇಳಲಿಲ್ಲ. ಹೊನ್ನಕ್ಕನ ಹೆಸರೆತ್ತಿದರೆ ಅಮ್ಮ ಊಟ ಬಿಡುತ್ತಿದ್ದಳು.

ಹೊನ್ನಕ್ಕನದು ಒಂದು ಫೋಟೋ ಇಲ್ಲ. ಮುಖ ಹೇಗಿತ್ತು ಅಂದರೆ ನನಗೂ ಈಗ ಸರಿಯಾಗಿ ಬರುವುದಿಲ್ಲ. ಅವಳ ಮೈಮೇಲಿದ್ದದ್ದು ಅಂತ ಈ ಭೂಮಿಯಲ್ಲಿ ಇರುವುದು ಆ ಚಿಂದಿ ಒಂದೇ.

ಬೊಂಬೆ ನಿನ್ನದೇ. ಗಾಜಿನೊಳಗಿಡು, ಮೊಮ್ಮಕ್ಕಳಿಗೆ ಕೊಡು, ನಾನು ಬಾಯಿ ತೆರೆಯುವುದಿಲ್ಲ. ಬಟ್ಟೆ ಇದ್ದರೆ ಒಗೆಯದೆ ಹಾಗೇ ಮಡಿಸಿ ಕಳಿಸು. ಅಮ್ಮ ಹೋದ ಮೇಲೆ ಇದು ಮೊದಲ ಹಿರಿಯರ ಹಬ್ಬ. ಪುಟ್ಟ ಎಲೆ ಹಾಕುವವನು ಈಗ ನಾನು. ಹೆಸರು ಹೇಳಿಯೇ ಹಾಕುತ್ತೇನೆ. ಎಸೆದಿದ್ದರೆ ಎಸೆದೆ ಅಂತ ಬರಿ. ನನ್ನ ಸಮಾಧಾನಕ್ಕೆ ಬೇರೆ ಬಟ್ಟೆ ಹರಿದು ಕಳಿಸಬೇಡ, ಗುರುತು ಹಿಡಿಯುತ್ತೇನೆ. ಬೈಯುವುದಿಲ್ಲ. ಬೈದರೂ ನೀನು ನನ್ನ ತಂಗಿಯೇ.

ನೀನೂ ಶೃತಿಯೂ ತಣ್ಣಗೆ ಬಾಳಿ.

ನಿನ್ನ ಅಣ್ಣ,
ಜುಂಜಪ್ಪ

ಹಬ್ಬದ ಅಮಾವಾಸ್ಯೆ ಅಕ್ಟೋಬರ್ ಹತ್ತಕ್ಕೆ. ಐದನೇ ತಾರೀಕಿನೊಳಗೆ ಉತ್ತರ ಬರಬೇಕು.