ಎಡ ಅಂಗೈ

ಸೆಪ್ಟೆಂಬರ್ ೧೯, ಗುರುವಾರ

ಇವತ್ತೂ ಅಂಗೈ ಕೆಂಪಾಗಲಿಲ್ಲ. ಹೀಗಾಗುತ್ತಿರುವುದು ಇದು ಸತತ ನಾಲ್ಕನೇ ಪಂದ್ಯ.

ನಮ್ಮ ಬೇಸ್‌ಬಾಲ್ ತಂಡದ ಬದಲಿ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ಮೈದಾನಕ್ಕೆ ಇಳಿಯುವ ಮುಂಚೆ ತೋಳು ಬಿಸಿ ಮಾಡಿಕೊಳ್ಳಲು ಎಸೆಯುವ ಚೆಂಡನ್ನು ಬೇಲಿಯ ಹಿಂದೆ ಕೂತು ಹಿಡಿಯುವುದೇ ಹನ್ನೊಂದು ವರ್ಷದಿಂದ ನನ್ನ ಕೆಲಸ. ಕೊನೆಯ ಇನಿಂಗ್ಸಿಗೆ ಹೋಗುವ ಟೋಬಿಯಾಸ್‌ನ ಚೆಂಡು ಜೂನ್ ತಿಂಗಳಲ್ಲಿ ನನ್ನ ಎಡಗೈಯ ಗವಸು ದಾಟಿ ಮೂಳೆಗೆ ತಾಗುತ್ತಿತ್ತು. ಈಗ ಬರೀ ಸದ್ದು. ಬಲಗೈಯವನು, ಇವತ್ತು ನೀರಿನ ಬಾಟಲಿ ಎತ್ತಿದ್ದೂ ಎಡಗೈಯಲ್ಲೇ.

"ಮೊಣಕೈ ನೋಯ್ತಿದ್ಯೇನೋ?" ಎಂದೆ.

"ನಿನ್ ಕೈಯೇ ಸತ್ತೋಗಿದೆ ಮುದುಕಪ್ಪಾ, ನನ್ ತೋಳಿನ್ ಮೇಲೆ ಯಾಕ್ ಹಾಕ್ತೀಯಾ?" ಎಂದು ನಕ್ಕ. ಆ ನಗು ಸ್ವಲ್ಪ ತಡವಾಗಿ ಬಂತು.

ಅಷ್ಟರಲ್ಲಿ ಗೋಡೆಯ ಫೋನ್ ಬಡಿದುಕೊಂಡಿತು. ಕೋಚ್ ವರ್ನನ್. "ಹೆಂಗಿದೆ ಅವನ ಚೆಂಡು? ಇಳಿಸ್ಲಾ?"

ಟೋಬಿಯಾಸ್ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಬೆಂಕಿ ಕಣ್ರೀ, ಇಳಿಸಿ," ಎಂದುಬಿಟ್ಟೆ.

ಗೆದ್ದೆವು. ಟೋಬಿಯಾಸ್‌ನ ಎಸೆತಕ್ಕೆ ಎದುರಾಳಿ ಹೊಡೆದು, ಬೇಲಿ ದಾಟಲಿದ್ದ ಚೆಂಡನ್ನು ನಮ್ಮವನೊಬ್ಬ ಹಾರಿ ಹಿಡಿದದ್ದರಿಂದ ಗೆದ್ದೆವು. ಇನ್ನು ಒಂಬತ್ತು ಪಂದ್ಯ ಬಾಕಿ, ತಂಡಗಳ ಪಟ್ಟಿಯಲ್ಲಿ ನಾವು ಒಂದೇ ಗೆಲುವಿನಿಂದ ಮುಂದಿದ್ದೇವೆ.

ಅವನು ಹೇಳಿದ್ದು ನಿಜವೂ ಇರಬಹುದಲ್ಲ? ಈ ವರ್ಷ ಅಂಗಿಯ ಗುಂಡಿ ಹಾಕುವಾಗ ಬೆರಳು ಜೋಮು ಹಿಡಿದಂತಿರುತ್ತದೆ. ನನ್ನ ಕೈಯೇ ಕೆಟ್ಟಿದ್ದರೆ ನಾನು ಸುಳ್ಳು ಹೇಳಿದಂತಾಗುವುದಿಲ್ಲ.

ಅದಕ್ಕೇ ಈಗ ಕುದಿಯುವ ಕಾಫಿಯನ್ನು ತಗಡಿನ ಲೋಟಕ್ಕೆ ಸುರಿದು, ಏನೂ ಗೊತ್ತಾಗದಿರಲಪ್ಪಾ ಎಂದುಕೊಂಡು ಲೋಟದ ಮೈಗೆ ಎಡ ಅಂಗೈ ಒತ್ತಿದೆ.

ಚುರ್ರೆಂದಿತು. ಕೈ ಸತ್ತಿಲ್ಲ.

ನಾಳೆ ಮತ್ತೆ ಫೋನ್ ಬರುತ್ತದೆ.